ಎರೆನೆಲ ಮತ್ತು ಬೇಸಾಯ

ಬೇಸಾಯದ ಮಾತು ಬಂದೊಡನೆ ಪಟ್ಟಣಿಗರಾದ ನಾವು ಮಳೆ ಎಷ್ಟು ಬಿದ್ದಿತೆಂದು ಕೇಳುತ್ತೇವೆ. ಬಿದ್ದ ಮಳೆಯನ್ನು ನೆಲವು ಏನು ಮಾಡಿತೆಂದು ಕೇಳುವುದು ಅಪರೂಪ. ಹಿಂದೆ ಸಿಂದಗಿ ತಾಲ್ಲೂಕಿಗೆ ಸೇರಿದ್ದು ಈಗ ತಾಲ್ಲೂಕಿನ ಕೇಂದ್ರವೇ ಆಗಿರುವ ದೇವರ ಹಿಪ್ಪರಗಿಯ ಸೀಮೆಯಲ್ಲಿ ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದು.

ವಿಜಯಪುರ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ. ಅದರಲ್ಲಿ ಸೆಪ್ಟೆಂಬರ್ ತಿಂಗಳಿನದೇ ದೊಡ್ಡ ಪಾಲು. ಕರಿಗಲ್ಲು ಶಿಥಿಲವಾಗಿ ಉಂಟಾದ ಇಲ್ಲಿಯ ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ತೊಯ್ದ ಹೊಲದಲ್ಲಿ ಎತ್ತಿನ ಕಾಲು ಹೂತುಹೋಗುವುದರಿಂದ, ಆಳವಾದ ಎರೆಯನ್ನು ಮುಂಗಾರಿನಲ್ಲಿ ಬಿತ್ತದೆ ಹರಗಿ ಬಿಟ್ಟು, ಹಿಂಗಾರಿಗೆ ಜೋಳ, ಕಡಲೆ, ಕುಸುಬೆಗಳನ್ನು ಬಿತ್ತುವುದು ವಾಡಿಕೆಯಾಗಿ ಬಂದಿದೆ. ದಾರಿಹೋಕರಿಗೆ ಇದು ಸೋಮಾರಿತನವಾಗಿ ತೋರೀತು. ವಾಸ್ತವವಾಗಿ ಹೊಲವೇ ಕೆರೆಯಾಗಿ ನೀರನ್ನು ತುಂಬಿಕೊಳ್ಳುವ ಕಾಲವದು. ಬಿತ್ತಿದ ಮೇಲೆ ಮಳೆ ಬಾರದಿದ್ದರೂ ಜೋಳವು ಆ ಒಳತೇವದ ಬಲದಿಂದಲೇ ತೆನೆಗಟ್ಟುತ್ತದೆ. ಬಿರುಕುಗಳಿಂದ ತೇವ ಆರಿಹೋಗದಂತೆ ರೈತನು ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಪುಡಿಮಾಡಿ ಮುಚ್ಚುತ್ತಾನೆ. ಈ ಜಾಣ್ಮೆಯನ್ನು ಅವನು ಪುಸ್ತಕದಿಂದ ಕಲಿತವನಲ್ಲ.

ಆದರೆ ಕೆರೆಗೆ ಆಳ ಬೇಕು. ಮಡ್ಡಿಯ ಹೊಲದಲ್ಲಿ ಒಂದು ಮೊಳ ಅಗೆಯುವಷ್ಟರಲ್ಲಿ ಕಲ್ಲು ತಾಗುತ್ತದೆ. ಅದೇ ಮಳೆ, ಅದೇ ಬೀಜವಾದರೂ ಪೈರು ಬಹು ಬೇಗ ಬಾಡುತ್ತದೆ. ಮೇಲ್ಮಣ್ಣು ಕೊಚ್ಚಿಹೋದರೆ ಒಳ್ಳೆಯ ಎರೆಯೂ ಕಾಲಕ್ರಮದಲ್ಲಿ ಮಡ್ಡಿಯೇ. 1930ರ ದಶಕದಲ್ಲಿ ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನ ಕೇಂದ್ರವನ್ನು ತೆರೆದುದು ಇಂಥ ಕಷ್ಟಗಳಿಗೆ ಪರಿಹಾರವನ್ನು ಹುಡುಕುವುದಕ್ಕಾಗಿ. ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕುವುದು, ಮುಂಗಾರಿನಲ್ಲಿಯೇ ಚೌಕುಮಡಿಗಳನ್ನು ಮಾಡಿ ನೀರನ್ನು ಬಿದ್ದಲ್ಲಿಯೇ ಇಂಗಿಸುವುದು, ಇವು ಈ ಸೀಮೆಗೆ ಒಗ್ಗಿದ ಉಪಾಯಗಳು.

ಡೋಣಿ ಹರಿದರೆ ಓಣಿಯೆಲ್ಲ ಜೋಳವೆಂದು ಇಲ್ಲಿಯ ಗಾದೆ. ಹೊಳೆಯ ಇಕ್ಕೆಲದ ಎರೆಯ ಸಾರವನ್ನು ಕಂಡವರು ಹೇಳಿದ ಮಾತದು. ಆದರೆ ಡೋಣಿಯ ನೀರು ಉಪ್ಪು. ಅದನ್ನು ಎತ್ತಿ ಪೈರಿಗೆ ಹಾಯಿಸುವಂತಿಲ್ಲ. ಆದುದರಿಂದಲೇ ಜನರು ಕೃಷ್ಣೆಯ ಕಡೆಗೆ ನೋಡಿದರು. 1964ರಲ್ಲಿ ಆಲಮಟ್ಟಿಯಲ್ಲಿ ಶಂಕುಸ್ಥಾಪನೆಯಾದಂದಿನಿಂದ ಕಾಲುವೆಯ ನೀರು ಈ ಭಾಗದ ದೊಡ್ಡ ಆಸೆಯಾಗಿದೆ. ಆ ಆಸೆ ನ್ಯಾಯವಾದುದೇ. ಆದರೆ ತೇವವನ್ನು ಬಿಗಿಹಿಡಿದು ಬರದಲ್ಲಿ ಕಾಪಾಡುವ ಅದೇ ಗುಣವು, ಹರಿನೀರು ಹೆಚ್ಚಾದಾಗ ಎರೆಗೆ ಶತ್ರುವಾಗುತ್ತದೆ. ನೀರು ಬಸಿಯದೆ ಹೊಲ ಜವುಳಾಗುತ್ತದೆ. ತಳದ ಉಪ್ಪು ಮೇಲಕ್ಕೇರಿ ಸವಳಾಗುತ್ತದೆ. ಕಾಲುವೆಯೊಡನೆ ಬಸಿಗಾಲುವೆಯನ್ನೂ ತೋಡದಿದ್ದಲ್ಲಿ, ಹೀಗೆ ಕೆಟ್ಟ ನೆಲವನ್ನು ಸಿಹಿನೀರಿನಿಂದ ತೊಳೆದು, ಅಗತ್ಯವಿದ್ದೆಡೆ ಜಿಪ್ಸಂ ಹಾಕಿ, ಮತ್ತೆ ಜೋಳ ಬೆಳೆಯಲು ಹಲವು ವರ್ಷ ಕಾಯಬೇಕಾಗುತ್ತದೆ.