ಶಾಲೆಯ ಹಿಂದಿನ ತೋಡು ಎಲ್ಲಿಗೆ ಹೋಗುತ್ತದೆ?



ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳನ್ನು ಪರಿಸರದ ಬಗ್ಗೆ ಕೇಳಿ ನೋಡಿ. ಉತ್ತರ ಧ್ರುವದ ಮಂಜು ಕರಗುತ್ತಿದೆ ಎಂದು ಥಟ್ಟನೆ ಹೇಳುತ್ತಾರೆ. ಶಾಲೆಯ ಹಿಂದಿನ ತೋಡು ಯಾವ ಹೊಳೆಗೆ ಸೇರುತ್ತದೆ ಎಂದರೆ ಮುಖ ಮುಖ ನೋಡುತ್ತಾರೆ. ಪಾಠವನ್ನು ಧ್ರುವದಿಂದಲ್ಲ, ತೋಡಿನಿಂದ ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ.

ಪಯಸ್ವಿನಿಯನ್ನೇ ತೆಗೆದುಕೊಳ್ಳಿ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸಂಪಾಜೆ, ಸುಳ್ಯ ದಾಟಿ, ಅಡೂರಿನ ಕಡೆಯಿಂದ ನಮ್ಮಲ್ಲಿಗೆ ಬರುತ್ತದೆ. ಕಾಸರಗೋಡು ಪೇಟೆಯ ತೆಂಕು ದಿಕ್ಕಿನಲ್ಲಿ ಚಂದ್ರಗಿರಿ ಎಂಬ ಹೆಸರು ಹೊತ್ತು ಕಡಲು ಸೇರುತ್ತದೆ. ಮೇಲಿನವರಿಗೆ ಅದು ಹೊಳೆ, ಕೆಳಗಿನವರಿಗೆ ಪುಳ. ನೀರಿಗೆ ಎರಡು ಭಾಷೆಯೂ ಬರುತ್ತದೆ.

ಪೇಟೆಗೆ ಕುಡಿಯುವ ನೀರನ್ನು ಬಾವಿಕ್ಕೆರೆಯಲ್ಲಿ ಈ ಹೊಳೆಯಿಂದ ಎತ್ತುತ್ತಾರೆ. ಬೇಸಗೆಯಲ್ಲಿ ಮೇಲಿನ ಹರಿವು ಕುಗ್ಗಿದಾಗ ಕಡಲಿನ ಉಪ್ಪುನೀರು ಅಲ್ಲಿಯ ತನಕ ಏರಿ ಬರುತ್ತಿತ್ತು. ವರ್ಷ ವರ್ಷವೂ ಮರಳಿನ ಚೀಲದ ಕಟ್ಟ ಹಾಕುತ್ತಿದ್ದರು. ಅದು ಕೈಕೊಟ್ಟರೆ ಪೇಟೆಯ ನಲ್ಲಿಯಲ್ಲಿ ಉಪ್ಪುನೀರು. 2021ರಲ್ಲಿ ಅಲ್ಲಿ ಶಾಶ್ವತ ಅಣೆಕಟ್ಟು ಬಂತು. ಅಣೆಕಟ್ಟು ಉಪ್ಪನ್ನು ತಡೆದೀತು, ಮೇಲಿನಿಂದ ಬಾರದ ನೀರನ್ನು ಹುಟ್ಟಿಸಲಾರದು.

ಇನ್ನು ಮಕ್ಕಳ ಕೆಲಸ. ಮನೆಯಿಂದ ಶಾಲೆಯವರೆಗೆ ತೋಡಿಗೆ ಎಷ್ಟು ಪಂಪು ಇಟ್ಟಿದ್ದಾರೆ, ಎಷ್ಟು ಕಡೆ ಕಟ್ಟ ಕಟ್ಟಿದ್ದಾರೆ ಎಂದು ಎಣಿಸಲಿ. ಕಟ್ಟದ ಪಕ್ಕದ ಬಾವಿಯ ನೀರನ್ನು ಹಗ್ಗ ಇಳಿಸಿ ಅಳೆಯಲಿ. ಕಟ್ಟ ಇಲ್ಲದ ಕಡೆಯ ಬಾವಿಯನ್ನೂ ಅಳೆಯಲಿ. ತೋಡಿನ ಹರಿವು ನಿಂತ ತಾರೀಕನ್ನು ಶಾಲೆಯ ಒಂದು ಪುಸ್ತಕದಲ್ಲಿ ಬರೆದಿಡಲಿ. ಮುಂದಿನ ವರ್ಷದ ತರಗತಿ ಅದರ ಕೆಳಗೆ ಬರೆಯಲಿ. ಹಿಂದೆ ಯಾವ ತಿಂಗಳವರೆಗೆ ಹರಿಯುತ್ತಿತ್ತೆಂದು ಅಜ್ಜಿಯನ್ನು ಕೇಳಿಕೊಂಡು ಬರಲಿ. ಹತ್ತು ವರ್ಷ ನಡೆದರೆ ಆ ಪುಸ್ತಕ ಪಂಚಾಯತಿನವರಿಗೂ ಬೇಕಾದೀತು.

ಒಂದು ಮಾತು, ಮಾಸ್ತರರೇ, ಟೀಚರಮ್ಮನವರೇ. ಎಣಿಸಿದ ಪಂಪುಗಳಲ್ಲಿ ಒಂದು ಆ ಮಗುವಿನ ಅಪ್ಪನದೇ ಆಗಿರಬಹುದು. ಅಡಿಕೆಗೆ ಮದ್ದು ಬಿಟ್ಟು ಡ್ರಮ್ಮನ್ನು ತೋಡಿನಲ್ಲಿ ತೊಳೆದವನು ಮಾವನೇ ಆಗಿರಬಹುದು. ಮಗುವನ್ನು ಮನೆಯೊಳಗಿನ ಪೊಲೀಸನನ್ನಾಗಿ ಮಾಡಬೇಡಿ. "ಈ ನೀರು ಮುಂದೆ ಯಾರ ಮನೆಗೆ ಹೋಗುತ್ತದೆ ಅಪ್ಪಾ?" ಎಂದು ಕೇಳಲು ಕಲಿಸಿದರೆ ಸಾಕು. ತೋಟ ಇಲ್ಲದೆ ಆ ಮಗುವಿನ ಊಟವೂ ಇಲ್ಲ ಎಂಬುದು ನಮಗೆ ನೆನಪಿರಬೇಕು.

ಆ ಪ್ರಶ್ನೆಯನ್ನು ಕೇಳದೆ ಹೋದದ್ದರ ಬೆಲೆ ನಮ್ಮ ಜಿಲ್ಲೆಗೆ ಗೊತ್ತು. 1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡದ ಮೇಲಿನ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಮದ್ದು ಬಿಟ್ಟದ್ದು ಗೇರಿನ ಹೂ ಚಿಗುರು ಹೀರುವ ಒಂದು ಕೀಟಕ್ಕೆ. ಆದರೆ ಗೇರು ಇದ್ದದ್ದು ಗುಡ್ಡದಲ್ಲಿ. ಮನೆ, ಬಾವಿ, ಸುರಂಗ, ತೋಡು ಎಲ್ಲವೂ ತಗ್ಗಿನಲ್ಲಿ. ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಗಳಲ್ಲಿ ಹಾಸಿಗೆ ಬಿಟ್ಟೇಳಲಾಗದ ಮಕ್ಕಳನ್ನು ಸಾಕಿದ ತಾಯಂದಿರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಆ ಮದ್ದನ್ನು ದೇಶದಲ್ಲಿ ತಡೆಯಿತು. ಅದೇ ವರ್ಷ ಲೋಕದ ರಾಷ್ಟ್ರಗಳು ಅದನ್ನು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿಸಿದವು. ಗಾಳಿಯಲ್ಲಿ ಬಲು ದೂರ ಹೋಗುವ ವಿಷ ಅದು. ಯಾರೂ ಗೇರು ಬೆಳೆಯದ ಉತ್ತರ ಧ್ರುವದ ಕಡೆಯಲ್ಲೂ ಅದರ ಅಂಶ ಸಿಕ್ಕಿದೆ. ಮಂಜು ಕರಗುವ ಪಾಠ ಬಂದಾಗ ಮಕ್ಕಳಿಗೆ ಇದನ್ನೂ ಹೇಳಬಹುದು.

ತೋಡಿಗೆ ಮಕ್ಕಳನ್ನು ಕರೆದೊಯ್ಯಲು ಜನವರಿಯ ಒಂದು ಶನಿವಾರ ಒಳ್ಳೆಯದು. ಆಗ ಕಟ್ಟಗಳು ತುಂಬಿರುತ್ತವೆ, ಗದ್ದೆಯ ಹುಣಿಯಲ್ಲಿ ನಡೆಯಲೂ ಬರುತ್ತದೆ. ಮಳೆಗಾಲದಲ್ಲಿ ಬೇಡವೇ ಬೇಡ. ಈಜು ಬಲ್ಲ ಇಬ್ಬರು ದೊಡ್ಡವರು ಜೊತೆಗಿರಲಿ. ಕಟ್ಟದ ಏರಿಯ ಮೇಲೆ ಮಕ್ಕಳನ್ನು ಹತ್ತಿಸಬೇಡಿ, ಒದ್ದೆ ಮಣ್ಣು ಜಾರುತ್ತದೆ.