ಯಾರ ಗಡಿಯಾರ ಓಡುತ್ತಿತ್ತು?

(ಸಂಘದ ಚದುರಂಗ ವಿಭಾಗದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ನಮ್ಮ ವಿಭಾಗದ ಸಾಧನೆಗಳನ್ನು ವಾರ್ಷಿಕ ವರದಿಯೇ ಹೇಳಿದೆ. ಅದು ಹೇಳದೆ ಬಿಟ್ಟ ಒಂದು ಸಂಗತಿಯನ್ನು ಉಪಾಧ್ಯಕ್ಷನಾದ ನಾನು ಹೇಳಬೇಕಾಗಿದೆ.

ಕಳೆದ ಬೇಸಿಗೆಯಲ್ಲಿ ದೆಹಲಿಯ ಮಕ್ಕಳ ಪಂದ್ಯಾವಳಿಯೊಂದಕ್ಕೆ ನಮ್ಮ ಆರು ಮಕ್ಕಳು ಹೆಸರು ಕೊಟ್ಟಿದ್ದರು. ಅರ್ಜಿ, ಶುಲ್ಕಗಳು ತಲುಪಿದಾಗ ಕೊನೆಯ ದಿನಾಂಕ ದಾಟಿತ್ತು. ಮಕ್ಕಳು ಆಡಲಿಲ್ಲ. ಸಮಿತಿ ಸೇರಿ, ಸಹಕಾರ್ಯದರ್ಶಿಯ ನಿರ್ಲಕ್ಷ್ಯವೇ ಇದಕ್ಕೆ ಕಾರಣವೆಂದು ನಿರ್ಣಯ ಬರೆಯಿತು. ಖಾಸಗಿ ಕಚೇರಿಯಲ್ಲಿ ವಾರವೆಲ್ಲ ದುಡಿದು ಭಾನುವಾರಗಳನ್ನು ನಮಗೆ ಕೊಡುತ್ತಿದ್ದ ಆ ಯುವಕ, ಕಪಾಟಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಆ ನಿರ್ಣಯದ ಕೆಳಗೆ ನನ್ನ ಸಹಿಯೂ ಇದೆ.

ಕಾಗದವೊಂದು ಯಾರ ಬಳಿ ಎಷ್ಟು ದಿನ ಮಲಗಿತ್ತೆಂದು ಎಣಿಸುವುದು ಸರ್ಕಾರಿ ನೌಕರಿ ನನಗೆ ಕಲಿಸಿದ ಅಭ್ಯಾಸ. ಆ ಅರ್ಜಿಯ ದಿನಗಳನ್ನೂ ಎಣಿಸಿದೆ. ಆದರೆ ನಿರ್ಣಯವಾದ ಮೇಲೆ ಎಣಿಸಿದೆ. ಒಟ್ಟು ೨೨ ದಿನ. ಸಹಕಾರ್ಯದರ್ಶಿಯ ಬಳಿ ೨, ಖಜಾಂಚಿಯವರ ಬಳಿ ೫, ಅಧ್ಯಕ್ಷರ ಬಳಿ ೩. ಉಳಿದ ೧೨ ದಿನ ಅದು ನನ್ನ ಕೈಚೀಲದಲ್ಲಿತ್ತು. ಆ ಹುಡುಗ ಎರಡು ಸಲ ದೂರವಾಣಿ ಮಾಡಿ ನೆನಪಿಸಿದ. "ನೋಡೋಣಪ್ಪ" ಎಂದೆ.

ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಸ್ವಯಂಸೇವಾ ಸಂಸ್ಥೆಗಳಲ್ಲಿ ಈ ಗಾದೆಯೇ ಅಲಿಖಿತ ನಿಯಮಾವಳಿ. ಮೇಲಿನ ಹುದ್ದೆಗಳು ಗೌರವಕ್ಕೆ, ಕೆಳಗಿನವು ಕೆಲಸಕ್ಕೆ. ಹಾಗಾಗಿ ತಪ್ಪು ಎಲ್ಲಿ ಹುಟ್ಟಿದರೂ ಹರಿದು ಬಂದು ನಿಲ್ಲುವುದು ಕೆಲಸ ಮಾಡುವವನ ಕಾಲಬುಡದಲ್ಲಿ.

ನಾವು ಬಹುವಾಗಿ ಹಳಿಯುವ ಸರ್ಕಾರ ಈ ವಿಷಯದಲ್ಲಿ ನಮಗಿಂತ ಮುಂದಿದೆ. ೨೦೦೫ರ ಮಾಹಿತಿ ಹಕ್ಕು ಕಾಯಿದೆಯಂತೆ ಸಾಮಾನ್ಯವಾಗಿ ೩೦ ದಿನಗಳೊಳಗೆ ಉತ್ತರ ಕೊಡಬೇಕು. ಸಕಾರಣವಿಲ್ಲದೆ ತಡಮಾಡಿದರೆ ದಿನಕ್ಕೆ ೨೫೦ ರೂಪಾಯಿಯಂತೆ, ಗರಿಷ್ಠ ೨೫,೦೦೦ ರೂಪಾಯಿವರೆಗೆ ದಂಡ. ಮಾಹಿತಿ ಅಧಿಕಾರಿಯು ಇನ್ನೊಬ್ಬ ಅಧಿಕಾರಿಯ ನೆರವು ಕೇಳಿದ್ದರೆ, ಉಲ್ಲಂಘನೆಯ ಮಟ್ಟಿಗೆ ಆ ಇನ್ನೊಬ್ಬನನ್ನೂ ಮಾಹಿತಿ ಅಧಿಕಾರಿಯೆಂದೇ ಪರಿಗಣಿಸಬೇಕೆಂದು ೫ನೆಯ ಪ್ರಕರಣ ಹೇಳುತ್ತದೆ. ಎಂದರೆ, ಹೊಣೆಯು ಕಾಗದದ ಹಿಂದೆಯೇ ನಡೆಯುತ್ತದೆ. ದಂಡ ವಿಧಿಸುವ ಮೊದಲು ಅವನ ಮಾತನ್ನು ಕೇಳಲೇಬೇಕು. ನಾವು ಆ ಯುವಕನನ್ನು ಏನನ್ನೂ ಕೇಳಲಿಲ್ಲ.

ಕಾಯಿದೆಯ ಮಾತು ಬೇಡವೆಂದರೆ ನಮ್ಮ ಆಟವನ್ನೇ ನೋಡಿ. ೧೮೮೩ರ ಲಂಡನ್ ಪಂದ್ಯಾವಳಿಯಲ್ಲಿ ಜೋಡಿ ಗಡಿಯಾರ ಚದುರಂಗದ ಮೇಜಿಗೆ ಬಂತು. ಅದರ ತತ್ತ್ವ ಸರಳ: ಯಾರ ನಡೆಯೋ ಅವರ ಗಡಿಯಾರವೇ ಓಡಬೇಕು. ಒಬ್ಬರು ಯೋಚಿಸಿದ ಹೊತ್ತನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆಯುವಂತಿಲ್ಲ. ಮಕ್ಕಳಿಗೆ ಮೊದಲ ವಾರವೇ ಕಲಿಸುವ ಈ ಪಾಠವನ್ನು ನಾವು ನಮ್ಮ ಸಮಿತಿಯ ಮೇಜಿಗೆ ತರಲಿಲ್ಲ.

"ಎಲ್ಲರೂ ಸಂಬಳವಿಲ್ಲದೆ ದುಡಿಯುವವರು, ಇಷ್ಟೊಂದು ಲೆಕ್ಕವೇಕೆ?" ಎಂದು ಕೆಲವರು ಕೇಳಿಯಾರು. ಸಂಬಳವಿಲ್ಲದಿರುವುದರಿಂದಲೇ ಲೆಕ್ಕ ಬೇಕು. ಹಣ ಕೊಡಲಾರದ ಸಂಸ್ಥೆ ತನ್ನ ಕಾರ್ಯಕರ್ತನಿಗೆ ಕೊಡಬಲ್ಲದ್ದು ನ್ಯಾಯವೊಂದೇ. ಅದನ್ನೂ ಕೊಡದಿದ್ದರೆ ನಾಳೆ ಕುರ್ಚಿಗಳಲ್ಲಿ ನಾವು ಹಿರಿಯರಷ್ಟೇ ಉಳಿಯುತ್ತೇವೆ, ಕುರ್ಚಿ ಹಾಕುವವರು ಉಳಿಯುವುದಿಲ್ಲ.

ಆದ್ದರಿಂದ ಸಭೆಯ ಮುಂದೆ ಎರಡು ಸೂಚನೆಗಳನ್ನಿಡುತ್ತೇನೆ. ಒಂದು, ಪ್ರತಿ ಕಾಗದಕ್ಕೂ ಬಂದ ದಿನ, ಕಳಿಸಿದ ದಿನಗಳನ್ನು ಬರೆಯುವ ವಹಿಯೊಂದು ಇರಲಿ. ಅಧ್ಯಕ್ಷರಿಂದ ಹಿಡಿದು ಎಲ್ಲರೂ ಅದರಲ್ಲಿ ಸಹಿ ಹಾಕಲಿ. ಎರಡು, ಹಿಂದಿನ ನಿರ್ಣಯವನ್ನು ರದ್ದುಪಡಿಸಿ, ವಿಳಂಬದಲ್ಲಿ ೧೨ ದಿನ ಉಪಾಧ್ಯಕ್ಷನದೆಂದು ನಡಾವಳಿಯಲ್ಲಿ ದಾಖಲಿಸಲಿ.

ಹೋದ ವಾರ ಆ ಯುವಕನ ಮನೆಗೆ ಹೋಗಿ ಕ್ಷಮೆ ಕೇಳಿದೆ. "ಹೋಗಲಿ ಬಿಡಿ ಸಾರ್" ಎಂದು ಕಾಫಿ ಕೊಟ್ಟ. ಅವನು ಬಿಟ್ಟರೂ ನಾವು ಬಿಡುವಂತಿಲ್ಲ. ಸಭೆಯಲ್ಲಿ ಹೊರಿಸಿದ ಅಪವಾದವನ್ನು ಸಭೆಯಲ್ಲೇ ಇಳಿಸಬೇಕು.