ಕೈಗೆ ಮೊಬೈಲ್ ಬಂದೊಡನೆ ಮಕ್ಕಳು ದೊಡ್ಡವರಾದರೇ?

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಕ್ಕಳನ್ನು ದೂರುವುದಕ್ಕಾಗಿ ನಾವಿಂದು ಇಲ್ಲಿ ಸೇರಿಲ್ಲ. ಮೊಬೈಲ್‌ನಿಂದ ಮಕ್ಕಳು ಕೆಟ್ಟುಹೋದರು ಎಂಬ ಮಾತು ಮದುವೆ ಮನೆಯಲ್ಲೂ ಸಂತೆಯಲ್ಲೂ ಕೇಳಿಬರುತ್ತದೆ. ಆದರೆ ಆ ಮೊಬೈಲನ್ನು ಅವರ ಕೈಗಿತ್ತವರು ಯಾರು, ಕೊಡುವಾಗ ಏನು ಹೇಳಿ ಕೊಟ್ಟೆವು ಎಂದು ನಮ್ಮನ್ನೇ ನಾವು ಕೇಳಿಕೊಂಡದ್ದು ಕಡಿಮೆ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಪಾಠ ಮೊಬೈಲ್‌ಗೆ ಬಂತು. ಅನೇಕ ಮನೆಗಳಲ್ಲಿ ಇದ್ದುದು ಒಂದೇ ಮೊಬೈಲ್. ಅದೂ ತಂದೆಯೊಂದಿಗೆ ದುಡಿಮೆಗೆ ಹೋಗುತ್ತಿತ್ತು. ಸಾಲ ಮಾಡಿ ಇನ್ನೊಂದು ಕೊಂಡವರಿದ್ದಾರೆ. ಅಂದು ನಾವು ಮಾಡಿದ್ದು ತಪ್ಪಲ್ಲ, ಅದು ಅನಿವಾರ್ಯವಾಗಿತ್ತು. ಶಾಲೆ ಮತ್ತೆ ತೆರೆಯಿತು, ಮೊಬೈಲ್ ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. ಅದರ ಬಳಕೆಯ ಬಗ್ಗೆ ನಾವು ಆಡಬೇಕಾಗಿದ್ದ ಮಾತು ಇಂದಿಗೂ ಬಾಕಿ ಇದೆ.

ಹಿಂದೆ ನಮ್ಮ ಸೀಮೆಯಲ್ಲಿ ಹುಡುಗ ದೊಡ್ಡವನಾದ ಎಂದು ತಿಳಿಯುತ್ತಿದ್ದುದು ಹೇಗೆ? ಜೋಳದ ಹೊಲದಲ್ಲಿ ತಂದೆಯ ಜೊತೆಗೆ ನಡೆದು, ಸಂತೆಯಲ್ಲಿ ಲೆಕ್ಕ ಕಲಿತು, ಬಳಿಕ ಒಂದು ದಿನ ಅವನೊಬ್ಬನೇ ಮಾಲು ಮಾರಿ ಹಣವನ್ನು ಸರಿಯಾಗಿ ಮನೆಗೆ ತಂದಾಗ. ಹೊಣೆ ಮೊದಲು, ಅಧಿಕಾರ ಆಮೇಲೆ. ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ನಾವು ಹೇಳುತ್ತಿಲ್ಲ. ಎಷ್ಟೋ ಮಕ್ಕಳ ಓದು ಆ ಹೊಲದಲ್ಲೇ ಮುಗಿದುಹೋಯಿತು. ಆದರೆ ಕ್ರಮವೊಂದಿತ್ತು. ಇಂದು ಆ ಕ್ರಮ ತಲೆಕೆಳಗಾಗಿದೆ. ಹತ್ತನೇ ತರಗತಿ ಮುಗಿಯುವ ಮುನ್ನವೇ ಮೊಬೈಲ್, ಅದರ ಬೆನ್ನಿಗೇ ಬೈಕಿನ ಕೀಲಿ. ಹೊಣೆ ಮಾತ್ರ ಎಲ್ಲಿಯೂ ಕಾಣುವುದಿಲ್ಲ.

2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯನ್ವಯ ಅಪ್ರಾಪ್ತ ವಯಸ್ಸಿನ ಮಗ ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ ಹಾಗೂ 3 ವರ್ಷಗಳವರೆಗೆ ಸೆರೆವಾಸವಾಗಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯನ್ನು ಬಳಸಲು ಹೆತ್ತವರ ಸಮ್ಮತಿ ಬೇಕೆನ್ನುತ್ತದೆ. ಆಸ್ಟ್ರೇಲಿಯಾವು 2025ರ ಡಿಸೆಂಬರ್ 10ರಿಂದ 16 ತುಂಬದವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವುದನ್ನೇ ತಡೆದಿದೆ. ಕಾನೂನುಗಳು ಬೇಕು. ಆದರೆ ರಾತ್ರಿ ಹನ್ನೆರಡಕ್ಕೆ ಹೊದಿಕೆಯೊಳಗೆ ಉರಿಯುವ ಪರದೆಯನ್ನು ಯಾವ ಸರಕಾರ ನೋಡೀತು?

ಬಂಧುಗಳೇ, ಇನ್ನೊಂದು ಕಹಿ ಮಾತನ್ನೂ ಆಡಲೇಬೇಕು. ನಾವು ಮಗನಿಗೊಂದು, ಮಗಳಿಗೊಂದು ನ್ಯಾಯ ಮಾಡುತ್ತಿದ್ದೇವೆ. 14ರಿಂದ 18 ವರ್ಷದ ಗ್ರಾಮೀಣ ಮಕ್ಕಳ ಬಗ್ಗೆ 2023ರಲ್ಲಿ ನಡೆದ ಅಸರ್ ಸಮೀಕ್ಷೆಯ ಪ್ರಕಾರ, ಸ್ಮಾರ್ಟ್‌ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ. 43.7 ಮಂದಿಗೆ ಸ್ವಂತ ಫೋನ್ ಇದ್ದರೆ ಹುಡುಗಿಯರಲ್ಲಿ ಅದು ಶೇ. 19.8 ಮಾತ್ರ. ಮಗನ ಫೋನನ್ನು ನಾವು ಕೇಳುವುದಿಲ್ಲ, ಮಗಳ ಫೋನನ್ನು ಕಸಿದುಕೊಳ್ಳುತ್ತೇವೆ. ಇದನ್ನು ಮರ್ಯಾದೆಯ ರಕ್ಷಣೆ ಎನ್ನುತ್ತೇವೆ.

ಇದರ ಫಲವನ್ನು ಯೋಚಿಸಿ ನೋಡಿ. ಅಪರಿಚಿತನೊಬ್ಬ ಒಬ್ಬ ಬಾಲಕಿಯ ಭಾವಚಿತ್ರವನ್ನು ವಿರೂಪಗೊಳಿಸಿ ಬೆದರಿಸುತ್ತಾನೆ ಎಂದಿಟ್ಟುಕೊಳ್ಳೋಣ. ಅವಳಿಗೆ ಅವನ ಭಯ ಒಂದು ಪಾಲಾದರೆ ಮನೆಯವರ ಭಯ ಮೂರು ಪಾಲು. ಅಮ್ಮನಿಗೆ ಹೇಳಿದರೆ ಅಪ್ಪನಿಗೆ ತಿಳಿಯುತ್ತದೆ, ಅಪ್ಪನಿಗೆ ತಿಳಿದರೆ ನಾಳೆಯಿಂದ ಕಾಲೇಜಿನ ಬಸ್ಸಿಲ್ಲ, ಮುಂದಿನ ತಿಂಗಳು ಹುಡುಗನ ಕಡೆಯವರು ನೋಡಲು ಬರುತ್ತಾರೆ. ಆದ್ದರಿಂದ ಅವಳು ಹೇಳುವುದೇ ಇಲ್ಲ. ಬೆದರಿಸುವವನ ಬಲ ಇರುವುದೇ ಈ ಮೌನದಲ್ಲಿ. ಅವನಿಗೆ ಆ ಬಲವನ್ನು ಕೊಟ್ಟವರು ನಾವಲ್ಲವೇ?

ಮಗನೂ ಸುರಕ್ಷಿತನಲ್ಲ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆಯ ಮೂಲಕ ನಿಷೇಧಿಸಿತು. ಆದರೆ ಸೋತ ಸಾಲವನ್ನು ಮುಚ್ಚಿಡುವ ಹುಡುಗನ ಸಂಕಟವನ್ನು ಕಾಯ್ದೆ ಅಳಿಸಲಾರದು. ಅವನೂ ಮನೆಯಲ್ಲಿ ಬಾಯಿ ಬಿಡಲಾರ.

ನಮ್ಮ ಮನೆಗಳಲ್ಲಿ ಮಕ್ಕಳು 'ಬಾಲಿಗ್' ಆದರೆಂದರೆ ದೇಹ ಬೆಳೆಯಿತೆಂಬುದಷ್ಟೇ ಅರ್ಥ. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 6ನೇ ವಚನವು ಅನಾಥರ ಆಸ್ತಿಯ ಬಗ್ಗೆ ಹೇಳುವಾಗ ವಯಸ್ಸಿನ ಜೊತೆಗೆ ವಿವೇಕವನ್ನೂ ಮುಂದಿಡುತ್ತದೆ. ಮಕ್ಕಳನ್ನು ಪರೀಕ್ಷಿಸುತ್ತಿರಬೇಕು, ವಿವೇಕ ಕಂಡುಬಂದಾಗ ಅವರ ಸೊತ್ತನ್ನು ಅವರಿಗೆ ಒಪ್ಪಿಸಬೇಕು. ಕಾಲಕ್ಕೆ ಮೊದಲು ಕೊಡಬಾರದು, ಕಾಲ ಬಂದಾಗ ತಡೆಹಿಡಿಯಲೂಬಾರದು. ಅದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಇಂದಿನ ಈ ಸಾಧನಕ್ಕೂ ಇದಕ್ಕಿಂತ ಒಳ್ಳೆಯ ಅಳತೆಗೋಲು ಯಾವುದಿದೆ?

ಆದ್ದರಿಂದ ಇಲ್ಲಿಂದ ಹೋಗುವಾಗ ಕೆಲವು ನಿರ್ಧಾರಗಳೊಂದಿಗೆ ಹೋಗೋಣ. ಮೊದಲು ಮನೆಯ ಫೋನ್, ನಂತರ ಗೊತ್ತಾದ ವೇಳೆಗೆ ಬಳಕೆ, ನಂಬಿಕೆ ಬೆಳೆದ ಮೇಲೆ ಸ್ವಂತದ್ದು. ರಾತ್ರಿ ಎಲ್ಲರ ಫೋನೂ ಪಡಸಾಲೆಯಲ್ಲಿರಲಿ, ಅಪ್ಪನದೂ ಸೇರಿದಂತೆ. ಊಟದ ಹೊತ್ತಿನಲ್ಲಿ ನಾವೇ ಪರದೆ ನೋಡುತ್ತಾ ಕುಳಿತು ಮಕ್ಕಳಿಗೆ ಬುದ್ಧಿ ಹೇಳಿದರೆ ಅದು ನಾಟುವುದಿಲ್ಲ. ಬೆದರಿಕೆ ಬಂದರೆ ಸಂದೇಶಗಳನ್ನು ಅಳಿಸದೆ ಉಳಿಸಿಕೊಳ್ಳಲಿ. ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930, ಈ ಎರಡು ಸಂಖ್ಯೆಗಳು ಮನೆಯ ಗೋಡೆಯ ಮೇಲಿರಲಿ.

ಎಲ್ಲಕ್ಕಿಂತ ಮುಖ್ಯವಾಗಿ, ಇಂದು ರಾತ್ರಿ ಮಗಳನ್ನೂ ಮಗನನ್ನೂ ಕೂರಿಸಿಕೊಂಡು ಒಂದು ಮಾತು ಕೊಡೋಣ: "ಏನೇ ಆಗಿರಲಿ, ನಮ್ಮ ಹತ್ತಿರ ಹೇಳು. ಹೇಳಿದ್ದಕ್ಕಾಗಿ ನಿನ್ನ ಓದು ನಿಲ್ಲುವುದಿಲ್ಲ." ಈ ಮಾತನ್ನು ಕೊಟ್ಟು ಉಳಿಸಿಕೊಳ್ಳುವ ತಂದೆ ತಾಯಿ ಇರುವ ಮನೆಯ ಮಕ್ಕಳನ್ನು ಯಾವ ಬೆದರಿಕೆಗಾರನೂ ಒಂಟಿಯಾಗಿಸಲಾರ. ಮಕ್ಕಳು ದೊಡ್ಡವರಾಗಲು ಇನ್ನೂ ಸಮಯವಿದೆ. ಮೊದಲು ನಾವು ದೊಡ್ಡವರಾಗೋಣ.